‘ನಾ ಅದೀನಲ್ರಿ’ ಅನ್ನೋ ಗ್ಯಾರಂಟಿ: ಮಾರಿದ ಗಾಡಿಯ ರಿಪೇರಿ ಖರ್ಚು ಯಾರ ತಲೆಗೆ?

2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಜಿಎಸ್‌ಟಿ ಮಂಡಳಿಯ 55ನೇ ಸಭೆ ನಡೆಯಿತು. ಹಳೆ ಗಾಡಿಗಳಿಗೆಲ್ಲ ಒಂದೇ ದರ, ಶೇ 18 ಅಂತ ಅಲ್ಲಿ ತೀರ್ಮಾನವಾಯಿತು. ಅದುವರೆಗೆ ಸಣ್ಣ ಕಾರುಗಳಿಗೆ ಶೇ 12 ಇತ್ತು. ಸಭೆ ಮುಗಿದ ಮೇಲೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೊಟ್ಟ 12 ಲಕ್ಷ, 9 ಲಕ್ಷದ ಉದಾಹರಣೆಯ ವಿಡಿಯೊ ಊರೆಲ್ಲ ಓಡಾಡಿತು. 12 ಲಕ್ಷಕ್ಕೆ ಕೊಂಡ ಕಾರನ್ನು 9 ಲಕ್ಷಕ್ಕೆ ಮಾರಿದರೆ, ಕಳಕೊಂಡ 3 ಲಕ್ಷದ ಮೇಲೂ ತೆರಿಗೆಯಾ ಅಂತ ಜನ ತಲೆ ಕೆರೆದುಕೊಂಡರು.

ಹಾಗೇನಿಲ್ಲ. ನೀವು ನಿಮ್ಮ ಸ್ವಂತ ಕಾರನ್ನು ಪಕ್ಕದ ಮನೆಯವರಿಗೆ ಮಾರಿದರೆ ಜಿಎಸ್‌ಟಿ ಬರೋದೇ ಇಲ್ಲ. ಅದು ನೋಂದಾಯಿತ ವ್ಯಾಪಾರಿಗೆ ಮಾತ್ರ, ಅದೂ ಅವನ ಲಾಭದ ಅಂತರದ ಮೇಲೆ. ನಷ್ಟವಾದರೆ ತೆರಿಗೆ ಸೊನ್ನೆ. ಈ ಗೊಂದಲ ಹೇಗೋ ಬಗೆಹರಿಯಿತು. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳೆ ಗಾಡಿ ವ್ಯಾಪಾರದಲ್ಲಿ ದಿನಾ ಜಗಳ ತರುವ ಇನ್ನೊಂದು ಪ್ರಶ್ನೆ ಹಾಗೇ ಉಳಿದಿದೆ. ಗಾಡಿ ಮಾರಿ ತಿಂಗಳಾಗಿಲ್ಲ, ಕ್ಲಚ್ ಹೋಯಿತು. ದುಡ್ಡು ಯಾರು ಕೊಡಬೇಕು? ಈ ಜಗಳದ ಬೇರು ಗ್ಯಾರೇಜಿನಲ್ಲಿ ಇರೋದಕ್ಕಿಂತ ಜಾಸ್ತಿ ತೆರಿಗೆಯ ಲೆಕ್ಕದಲ್ಲಿದೆ.

ತೆರಿಗೆ ಬೀಳೋದು ಎಲ್ಲಿ

ಹಳೆ ಗಾಡಿ ವ್ಯಾಪಾರಿಗೆ ಕಾನೂನು ಒಂದು ರಿಯಾಯಿತಿ ಕೊಟ್ಟಿದೆ. ಪೂರ್ತಿ ಬೆಲೆಯ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು, ಉಳಿದ ಮಾರ್ಜಿನ್ ಮೇಲೆ ಶೇ 18 ಕಟ್ಟಿದರೆ ಸಾಕು. ಇದಕ್ಕೆ ಆಧಾರ 2018ರ ಜನವರಿ 25ರ ಅಧಿಸೂಚನೆ. ಜಿಎಸ್‌ಟಿ ನಿಯಮ 32ರ 5ನೇ ಉಪನಿಯಮವೂ ಇದೇ ದಾರಿಯದು. ಗಾಡಿಯನ್ನು ಇದ್ದ ಹಾಗೇ ಮಾರಿದರೂ ಸರಿ, ಸಣ್ಣಪುಟ್ಟ ಕೆಲಸ ಮಾಡಿಸಿ ಮಾರಿದರೂ ಸರಿ, ಲೆಕ್ಕ ಇದೇ ಅಂತ ಆ ನಿಯಮ ಹೇಳುತ್ತದೆ.

ಗಮನಿಸಿ, ಕಳೆಯುವುದು ಕೊಂಡ ಬೆಲೆ ಮಾತ್ರ. ರಿಪೇರಿಗೆ ಹಾಕಿದ ದುಡ್ಡು ಈ ಲೆಕ್ಕದಲ್ಲಿ ಬರೋದಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ವ್ಯಾಪಾರಿ 3,00,000 ರೂಪಾಯಿಗೆ ಒಂದು ಸಣ್ಣ ಕಾರು ಕೊಂಡ. ನಾಲ್ಕು ಟೈರು, ಬ್ಯಾಟರಿ, ಡೆಂಟಿಂಗ್-ಪೇಂಟಿಂಗ್, ಮುಂದಿನ ಸಸ್ಪೆನ್ಷನ್ ಅಂತ 40,000 ಖರ್ಚಾಯಿತು. 3,80,000ಕ್ಕೆ ಮಾರಿದ. ಕೈಗೆ ಉಳಿದಿದ್ದು 40,000. ಆದರೆ ತೆರಿಗೆಯ ಕಣ್ಣಿಗೆ ಮಾರ್ಜಿನ್ 80,000. ಅದರ ಶೇ 18 ಅಂದರೆ 14,400. ನಿಜವಾದ ಲಾಭಕ್ಕೆ ಹೋಲಿಸಿದರೆ ಇದು ಶೇ 36. ಹಳೆ ದರದಲ್ಲಿ ಇದೇ ಕಾರಿಗೆ 9,600 ಆಗುತ್ತಿತ್ತು.

ಈಗ ಎರಡನೇ ವ್ಯಾಪಾರಿಯನ್ನು ನೋಡಿ. ಅಂಥದ್ದೇ ಕಾರು, ಅಷ್ಟೇ ಬೆಲೆಗೆ ಕೊಂಡ. ಒಂದು ನಟ್ಟೂ ಬಿಚ್ಚಲಿಲ್ಲ. ತೊಳೆದು, ಪಾಲಿಶ್ ಹೊಡೆದು 3,40,000ಕ್ಕೆ ಮಾರಿದ. ಅವನಿಗೂ ಉಳಿದಿದ್ದು 40,000. ಅವನ ತೆರಿಗೆ 7,200.

ಲಾಭ ಇಬ್ಬರಿಗೂ ಒಂದೇ. ರಿಪೇರಿ ಮಾಡಿಸಿದವನಿಗೆ ತೆರಿಗೆ ಡಬಲ್. ಹೀಗಿರುವಾಗ ಮಾರೋ ಮೊದಲೇ ಗಾಡಿ ಸರಿಮಾಡಿಸೋಣ ಅಂತ ಯಾರಿಗೆ ಹುರುಪು ಬರುತ್ತದೆ, ಹೇಳಿ.

ರಿಪೇರಿ ಬಿಲ್ಲಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನಾದರೂ ವಾಪಸ್ ಪಡೆಯಬಹುದಲ್ವಾ ಅಂತ ಕೇಳಬಹುದು. ಗಾಡಿಯ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಂಡಿರಬಾರದು, ಅದು ರಿಯಾಯಿತಿಯ ಷರತ್ತು. ಯಾರ್ಡಿನ ಬಾಡಿಗೆ, ಗ್ಯಾರೇಜಿನ ಕೂಲಿ ಇಂಥವುಗಳ ಕ್ರೆಡಿಟ್ ತಗೊಳ್ಳಬಹುದು ಅನ್ನುವ ತೆರಿಗೆ ಸಲಹೆಗಾರರಿದ್ದಾರೆ. ಬೇಡ, ನಾಳೆ ರಿಯಾಯಿತಿಯೇ ಕೈತಪ್ಪೀತು ಅನ್ನುವವರೂ ಇದ್ದಾರೆ. ಸಣ್ಣ ವ್ಯಾಪಾರಿಗೆ ನೋಟಿಸ್ ಅಂದರೇ ಭಯ. ಅವನು ಎರಡನೆಯವರ ಮಾತನ್ನೇ ಕೇಳುತ್ತಾನೆ.

ವಹಿಯಲ್ಲಿ ಗೆರೆ ಎಳೆದ ಮೇಲೆ

ಹಳೆ ಗಾಡಿ ಯಾರ್ಡಿನ ವಹಿಯಲ್ಲಿ ಪ್ರತಿ ಗಾಡಿಗೂ ಒಂದು ಹಾಳೆ. ಮೇಲೆ ಗಾಡಿ ನಂಬರು. ಕೆಳಗೆ ಒಂದರ ಕೆಳಗೊಂದು ಸಾಲು: ಖರೀದಿ, ಟೈರು, ಬ್ಯಾಟರಿ, ಪೇಂಟು, ಆರ್‌ಟಿಒ ಖರ್ಚು, ಇನ್ಶೂರೆನ್ಸ್, ಏಜೆಂಟನ ಕಮಿಷನ್. ಗಾಡಿ ಹೋದ ದಿನ ಮಾರಾಟದ ಬೆಲೆ ಬರೆದು ಒಂದು ಗೆರೆ ಎಳೆಯುತ್ತಾರೆ. ಗೆರೆಯ ಕೆಳಗೆ ಉಳಿದಿದ್ದು ಲಾಭ. ಆ ದುಡ್ಡು ಆಗಲೇ ಮುಂದಿನ ಗಾಡಿಗೆ ಟೋಕನ್ ಆಗಿ ಹೋಗಿರುತ್ತದೆ.

ಗಿರಾಕಿ ವಾಪಸ್ ಬರೋದು ಗೆರೆ ಎಳೆದ ಮೇಲೆ. ಅಲ್ಲಿ ಬರೆಯೋಕೆ ಜಾಗವೇ ಇಲ್ಲ.

ಲೆಕ್ಕಪತ್ರದ ರೀತಿಯಲ್ಲಿ ನೋಡಿದರೂ ಇದೇ ವ್ಯತ್ಯಾಸ ಕಾಣುತ್ತದೆ. ಮಾರೋ ಮೊದಲು ಮಾಡಿಸಿದ ರಿಪೇರಿ ಆ ಗಾಡಿಯ ಸ್ಟಾಕ್ ಬೆಲೆಗೆ ಸೇರುತ್ತದೆ. ಮಾರಿದ ಮೇಲೆ ಮಾಡಿಸಿದ್ದು ಆ ಗಾಡಿಗೆ ಸೇರುವುದಿಲ್ಲ, ಅಂಗಡಿಯ ಒಟ್ಟು ಖರ್ಚಿಗೆ ಹೋಗುತ್ತದೆ. ದೊಡ್ಡ ಡೀಲರುಗಳು ಮುಂದೆ ಬರಬಹುದಾದ ವಾರಂಟಿ ಖರ್ಚಿಗೆ ಮೊದಲೇ ಅಂದಾಜು ಹಾಕಿ ಲೆಕ್ಕದಲ್ಲಿ ಇಷ್ಟು ಅಂತ ತೆಗೆದಿಡುತ್ತಾರೆ. ಹತ್ತು ಗಾಡಿ ನಿಲ್ಲಿಸಿಕೊಂಡ ಸಣ್ಣ ಯಾರ್ಡಿನವನು ಹಾಗೆ ತೆಗೆದಿಡೋದಿಲ್ಲ. ಹಾಗಾಗಿ ಮಿಸ್ತ್ರಿಯ, ಅಂದರೆ ಮೆಕ್ಯಾನಿಕ್‌ನ, ಬಿಲ್ಲು ಬಂದಾಗ ಅದು ಅವನ ಜೇಬಿನಿಂದಲೇ ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ.

ಮಾರಿದ ಮೇಲಿನ ಖರ್ಚು ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದೂ ತಪ್ಪು. ‘ಎರಡನೇ ಕೀಲಿ ಕೊಡ್ತೀನಿ, ಎಸಿ ಗ್ಯಾಸ್ ತುಂಬಿಸಿ ಕೊಡ್ತೀನಿ, ಸ್ಟೆಪ್ನಿ ಹೊಸಾದು ಹಾಕಿಸ್ತೀನಿ’ ಅಂತ ವ್ಯಾಪಾರದ ಹೊತ್ತಲ್ಲೇ ಒಪ್ಪಿಕೊಂಡಿದ್ದರೆ, ಅದು ಬೆಲೆಯ ಒಳಗಿನ ಮಾತು. ಕೆಲಸ ಆಮೇಲೆ ಆದರೂ ಖರ್ಚು ಗೆರೆಯ ಮೇಲಿನದೇ. ಇಲ್ಲಿ ವಾದಕ್ಕೇ ಜಾಗವಿಲ್ಲ, ಬರೆದಿಟ್ಟಿದ್ದರೆ. ನಿಜವಾದ ಕಿತ್ತಾಟ ಇರೋದು ಕೊಟ್ಟಾಗ ಕಾಣದೆ ಆಮೇಲೆ ಕಾಣಿಸಿಕೊಂಡ ದೋಷದ ಬಗ್ಗೆ. ಮೂರನೆಯದು, ಕಾಯಂ ಗಿರಾಕಿಯ ಮುಖ ನೋಡಿ ಸುಮ್ನೆ ಮಾಡಿಸಿಕೊಡುವುದು. ಅದು ವ್ಯಾಪಾರಿಯ ಔದಾರ್ಯ, ಹಕ್ಕಿನ ವಿಷಯವಲ್ಲ.

ಕ್ಲಚ್ ಪ್ಲೇಟಿಗೆ ಎರಡು ದಾರಿ

ಮೇಲಿನ 3,80,000ದ ಕಾರಿಗೇ ಬರೋಣ. ಇಪ್ಪತ್ತು ದಿನಕ್ಕೆ ಕ್ಲಚ್ ಹೋಯಿತು, 18,000 ಖರ್ಚು. ವ್ಯಾಪಾರಿ ಒಳ್ಳೆಯವನು, ಮಿಸ್ತ್ರಿಗೆ ತಾನೇ ದುಡ್ಡು ಕೊಟ್ಟ. ಆದರೂ ಮಾರ್ಜಿನ್ 80,000ವೇ. ಕಟ್ಟಿದ 14,400ರಲ್ಲಿ ಒಂದು ರೂಪಾಯಿಯೂ ವಾಪಸ್ ಇಲ್ಲ.

ಇದಕ್ಕೆ ಇನ್ನೊಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ. ಮಾರಿದ ವಸ್ತುವಿನಲ್ಲಿ ಕೊರತೆ ಕಂಡರೆ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ನೋಟ್ ಕೊಡಬಹುದು. ಅಂದರೆ ರಿಪೇರಿ ಮಾಡಿಸುವ ಬದಲು ಬೆಲೆಯನ್ನೇ 18,000 ಇಳಿಸಿ, ಆ ದುಡ್ಡನ್ನೂ ಅದರ ಮೇಲಿನ ತೆರಿಗೆಯನ್ನೂ ಗಿರಾಕಿಗೆ ವಾಪಸ್ ಕೊಡುವುದು. ಆಗ ಮಾರ್ಜಿನ್ 62,000 ಆಗುತ್ತದೆ, ತೆರಿಗೆ 11,160. ಗಿರಾಕಿಗೆ 3,240 ಜಾಸ್ತಿ ಸಿಗುತ್ತದೆ, ವ್ಯಾಪಾರಿಗೆ ಹೊರೆ ಬೀಳೋದಿಲ್ಲ. ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಇಲ್ಲವೇ ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಆ ದಿನದೊಳಗೆ, ಇದನ್ನು ತೋರಿಸಬೇಕು.

ಇದು ನಡೆಯಬೇಕಾದರೆ ಮೊದಲು ಪಕ್ಕಾ ಬಿಲ್ ಇರಬೇಕು. ನಮ್ಮ ಕಡೆ ವ್ಯವಹಾರ ನಿಲ್ಲೋದೇ ಅಲ್ಲಿ. 3,80,000ದಲ್ಲಿ ಬಿಲ್ಲಿಗೆ ಒಂದಿಷ್ಟು, ಕೈಗೆ ಒಂದಿಷ್ಟು. ಗ್ಯಾರೇಜಿನದು ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದ ಕಚ್ಚಾ ಚೀಟಿ. ತೆರಿಗೆ ಉಳಿಯಿತು ಅಂತ ಇಬ್ಬರೂ ನಗುತ್ತಾ ಎದ್ದು ಹೋಗುತ್ತಾರೆ. ಕ್ಲಚ್ ಹೋದ ದಿನ ಅದೇ ಚೀಟಿಗೆ ಬೆಲೆ ಇಲ್ಲ ಅಂತ ಗೊತ್ತಾಗುತ್ತದೆ.

ಮೂರು ಕಡೆಯ ಮಾತು

ವ್ಯಾಪಾರಿಗಳ ವಾದ ಸರಳ. ಎಂಜಿನ್ ಒಳಗೆ ಏನಿದೆ ಅಂತ ತಮಗೂ ಗೊತ್ತಿರೋದಿಲ್ಲ. ಗಾಡಿ ಒಯ್ದವರು ಕಬ್ಬಿನ ಗದ್ದೆಯ ದಾರಿಯಲ್ಲಿ ಓಡಿಸಿ, ಓವರ್‌ಲೋಡ್ ಹಾಕಿ, ಆಮೇಲೆ ಬಂದು ನಿಲ್ಲುತ್ತಾರೆ. ‘ಒಯ್ಯುಮುಂದ ಮಿಸ್ತ್ರಿನ್ನ ಕರ್ಕೊಂಡು ಬಂದು ನೋಡೇ ಒಯ್ದೀರಲ್ರಿ’ ಅನ್ನೋದು ಅವರ ಕೊನೆಯ ಮಾತು. ಹೊಸ ಗಾಡಿಯ ಅರ್ಧ ಬೆಲೆಗೆ ಕೊಟ್ಟಿದ್ದೇ ಈ ಅನುಮಾನಕ್ಕೆ ಬೆಲೆ ಕಟ್ಟಿ ಅನ್ನುತ್ತಾರೆ. ಇದರಲ್ಲಿ ಸತ್ಯ ಇಲ್ಲ ಅನ್ನೋಕಾಗಲ್ಲ.

ಗಿರಾಕಿಗಳ ದೂರು ಬೇರೆ. ಗಾಡಿ ನೋಡೋಕೆ ಹೋದಾಗ ‘ಅಣ್ಣಾರ, ಚಿಂತಿ ಬಿಡ್ರಿ, ಏನಾರ ಆದ್ರ ನಾ ಅದೀನಲ್ರಿ’ ಅಂತ ಹೇಳಿರುತ್ತಾರೆ. ಮೀಟರ್ ಹಿಂದೆ ತಿರುಗಿಸಿದ್ದು, ಅಪಘಾತದ ಗಾಡಿಗೆ ಪೇಂಟ್ ಹೊಡೆದಿದ್ದು, ಹೆಡ್ ಗ್ಯಾಸ್ಕೆಟ್ ಸೋರುವುದಕ್ಕೆ ಎರಡು ದಿನದ ಔಷಧ ಹಾಕಿದ್ದು ಸಾಮಾನ್ಯ ಕಣ್ಣಿಗೆ ಕಾಣೋದಿಲ್ಲ. ಅದು ಗೊತ್ತಿರೋದು ಮಾರುವವನಿಗೆ.

ತೆರಿಗೆ ಇಲಾಖೆಯ ಕಡೆಯಿಂದ ನೋಡಿದರೆ, ರಿಪೇರಿ ಖರ್ಚು ಕಳೆಯಲು ಬಿಟ್ಟರೆ ಪ್ರತಿ ಗಾಡಿಗೂ ಸುಳ್ಳು ರಿಪೇರಿ ಬಿಲ್ಲು ಹುಟ್ಟುತ್ತದೆ. ಕೊಂಡ ಬೆಲೆ, ಮಾರಿದ ಬೆಲೆ, ಎರಡೇ ಅಂಕಿ ಇದ್ದರೆ ತಪಾಸಣೆ ಸುಲಭ. ಈ ಭಯ ಸುಳ್ಳಲ್ಲ. ಆದರೂ ಜಿಎಸ್‌ಟಿ ನಂಬರ್ ಇರುವ ಗ್ಯಾರೇಜಿನ ಬಿಲ್ಲಿಗಷ್ಟೇ ಅವಕಾಶ ಕೊಟ್ಟರೆ ಸುಳ್ಳು ಬಿಲ್ಲಿನ ಕಾಟ ಬಹಳಷ್ಟು ತಪ್ಪುತ್ತದೆ, ಗ್ಯಾರೇಜುಗಳೂ ಲೆಕ್ಕದೊಳಗೆ ಬರುತ್ತವೆ. ಸರಳತೆಯ ಹೆಸರಲ್ಲಿ ರಿಪೇರಿಯನ್ನೇ ದಂಡದಂತೆ ಮಾಡಿಟ್ಟಿರುವುದು ಸರಿ ಕಾಣೋದಿಲ್ಲ.

‘ಇದ್ದ ಸ್ಥಿತಿಯಲ್ಲಿ’ ಅಂತ ಸಹಿ ಮಾಡಿದ್ದರೆ

ಡೆಲಿವರಿ ನೋಟ್ ಅಂತ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದನ್ನು ಒಮ್ಮೆ ಹತ್ತಿರದಿಂದ ಓದಬೇಕು. ದಿನಾಂಕ, ಹೊತ್ತು, ಚಾಸಿಸ್ ನಂಬರು ಇರುತ್ತದೆ. ‘ಈ ಹೊತ್ತಿನಿಂದ ಅಪಘಾತ, ಪೊಲೀಸ್ ಕೇಸು, ದಂಡ ಎಲ್ಲಕ್ಕೂ ಕೊಂಡವರೇ ಜವಾಬ್ದಾರರು’ ಅನ್ನುವ ಸಾಲು. ಅದರ ಕೆಳಗೆ ಸಣ್ಣಕ್ಷರದಲ್ಲಿ, ‘ವಾಹನವನ್ನು ಪರೀಕ್ಷಿಸಿ ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿದ್ದೇನೆ’.

ಈ ಒಂದು ಸಾಲಿನಿಂದ ಎಲ್ಲ ಮುಗಿಯಿತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, ಹೊಸ ವಸ್ತು ಹಳೆ ವಸ್ತು ಅಂತ ಭೇದ ಮಾಡೋದಿಲ್ಲ. ಕಣ್ಣಿಗೆ ಕಾಣುವ ಸವೆತಕ್ಕೆ ‘ಇದ್ದ ಸ್ಥಿತಿ’ ಮಾತು ಸರಿ. ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ, ಸುಳ್ಳು ಹೇಳಿ ಮಾರಿದ್ದಕ್ಕೆ ಅದು ಗುರಾಣಿಯಾಗೋದಿಲ್ಲ.

ಅದೇ ಕಾಯ್ದೆಯ 2(47)ನೇ ಸೆಕ್ಷನ್ ಅನುಚಿತ ವ್ಯಾಪಾರ ಪದ್ಧತಿ ಅಂದರೆ ಏನು ಅಂತ ಪಟ್ಟಿ ಕೊಡುತ್ತದೆ. ಬಿಲ್ ಕೊಡದಿರುವುದೂ ಅದರಲ್ಲಿದೆ. ಇನ್ನೊಂದು ಅಂಶ ಅಷ್ಟಾಗಿ ಸುದ್ದಿಯಾಗಿಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತಗೊಂಡು ದುಡ್ಡು ಹಿಂತಿರುಗಿಸದೆ ಇರುವುದೂ ಅನುಚಿತವೇ. ಬಿಲ್ಲಿನಲ್ಲಿ ಅವಧಿಯೇ ಬರೆದಿಲ್ಲದಿದ್ದರೆ? ಆಗ 30 ದಿನ ಅಂತ ಕಾಯ್ದೆಯೇ ಹೇಳುತ್ತದೆ. ‘ಗ್ಯಾರಂಟಿ ಇಲ್ಲ’ ಅಂತ ಹೇಳುವ ಅಂಗಡಿಗೂ ಇದು ಅನ್ವಯಿಸುತ್ತದೆ.

ಗಾಡಿಗೆ ಕೊಟ್ಟ ದುಡ್ಡು 50 ಲಕ್ಷ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ಎರಡು ವರ್ಷದೊಳಗೆ ಕೊಡಬೇಕು. ನೀವು ಇರುವ ಊರಿನ ಜಿಲ್ಲೆಯಲ್ಲೇ ಕೊಡಬಹುದು. ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಗಾಡಿ ಕೊಂಡ ಮುಧೋಳದವರು ಬಾಗಲಕೋಟೆಗೆ ಹೋದರೆ ಸಾಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಮೊದಲು ರಾಜಿಗೆ ಪ್ರಯತ್ನಿಸುವ ದಾರಿಯೂ ಇದೆ. ವ್ಯಾಪಾರಕ್ಕಾಗಿ ಕೊಂಡ ಗಾಡಿಗೆ ಈ ಕಾಯ್ದೆ ಸಿಗೋದಿಲ್ಲ. ಆದರೆ ಹೊಟ್ಟೆಪಾಡಿಗೆ ತಾನೇ ದುಡಿಯಲು ಕೊಂಡ ಒಂದು ಟಂಟಂ, ಒಂದು ಮಿನಿ ಗೂಡ್ಸ್ ಗಾಡಿಗೆ ಸಿಗುತ್ತದೆ.

ಅವಸರ ಮಾಡಬಾರದ ಜಾಗ ಒಂದಿದೆ. ಎಂಜಿನ್ ಬಿಚ್ಚಿ ಹೊಸ ಭಾಗ ಹಾಕಿದ ಮೇಲೆ ದೋಷದ ಸಾಕ್ಷಿ ಹೋಯಿತು. ಬಿಚ್ಚುವ ಮೊದಲು ಫೋಟೊ, ತಿಳಿದ ಮೆಕ್ಯಾನಿಕ್‌ನಿಂದ ಲಿಖಿತ ವರದಿ, ಮಾರಿದವರಿಗೆ ಒಂದು ನೋಟಿಸ್ ಇಷ್ಟಾದರೂ ಆಗಿರಬೇಕು. ಹಳೆ ಕ್ಲಚ್ ಪ್ಲೇಟನ್ನು ಗುಜರಿಗೆ ಹಾಕಬೇಡಿ.

ಹಾಗಾದರೆ ಮಾರಿದವರು ಯಾರು?

ಇಲ್ಲಿಗೆ ಬಂದಾಗ ಬಹಳಷ್ಟು ದೂರು ಮುಗ್ಗರಿಸುತ್ತವೆ. ಬೋರ್ಡಿನಲ್ಲಿ ‘ಆಟೊ ಕನ್ಸಲ್ಟಂಟ್ಸ್’ ಅಂತಿರುವ ಅಂಗಡಿಯವರು ಗಾಡಿಯನ್ನು ತಮ್ಮ ಹೆಸರಿಗೆ ಕೊಂಡಿರೋದೇ ಇಲ್ಲ. ಹಳೆ ಮಾಲೀಕರಿಂದ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಪಡೆದು ಇಟ್ಟುಕೊಂಡಿರುತ್ತಾರೆ. ಗಿರಾಕಿ ಸಿಕ್ಕ ದಿನ ಹೆಸರು ತುಂಬುತ್ತಾರೆ. ಕಾಗದದ ಮೇಲೆ ಗಾಡಿ ಹೋದದ್ದು ಹಳೆ ಮಾಲೀಕರಿಂದ ನಿಮಗೆ. ಅಂಗಡಿಯವರು ಬರೀ ಮಧ್ಯಸ್ಥಿಕೆ ಮಾಡಿದವರು. ‘ನಂದು ಕಮಿಷನ್ ಅಷ್ಟ ರೀ, ಮಾಲಕರ್ನ ಕೇಳ್ರಿ.’ ಹಳೆ ಮಾಲೀಕರು ಎಲ್ಲೋ ಇಂಡಿಯಲ್ಲೋ ಸಾಂಗ್ಲಿಯಲ್ಲೋ ಇರುತ್ತಾರೆ. ಅವರು ವ್ಯಾಪಾರಿ ಅಲ್ಲ, ಗ್ರಾಹಕ ಕಾಯ್ದೆಗೆ ಸುಲಭವಾಗಿ ಸಿಗೋದಿಲ್ಲ. ಕಮಿಷನ್ ತಗೊಂಡವರ ಮೇಲೆ ಸೇವೆಯ ಕೊರತೆ ಅಂತ ಹೋಗಬಹುದು, ಅದಕ್ಕೂ ಕಮಿಷನ್ ಕೊಟ್ಟ ರಸೀದಿ ಬೇಕು.

ಇದನ್ನು ಸರಿಮಾಡಲೆಂದೇ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿ. ಹಳೆ ಗಾಡಿ ಡೀಲರ್ ಆರ್‌ಟಿಒದಿಂದ ಐದು ವರ್ಷದ ಅಧಿಕಾರಪತ್ರ ಪಡೆಯಬೇಕು. ಮಾಲೀಕರು ಗಾಡಿ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಿದರೆ, ಅಲ್ಲಿಂದ ಮಾರಾಟದವರೆಗೆ ಡೀಲರೇ ಮಾಲೀಕ ಅಂತ ಪರಿಗಣನೆ. ಟ್ರಯಲ್ ತೋರಿಸೋಕೆ, ರಿಪೇರಿಗೆ, ಪೇಂಟಿಂಗ್‌ಗೆ ಗಾಡಿ ಹೊರಗೆ ಹೋದರೆ ಟ್ರಿಪ್ ದಾಖಲಿಸಬೇಕು. ಇದು ನಿಜವಾಗಿ ನಡೆದರೆ ಮಾರೋ ಮೊದಲು ಗಾಡಿ ಎಷ್ಟು ಸಲ ಗ್ಯಾರೇಜಿಗೆ ಹೋಗಿತ್ತು ಅನ್ನೋದೇ ದಾಖಲೆಯಾಗುತ್ತದೆ.

ಮಾರಿದವರಿಗೂ ಇದರಲ್ಲಿ ಲಾಭವಿದೆ. ಖಾಲಿ ಸಹಿ ಹಾಕಿ ಕೊಟ್ಟ ಮಾಲೀಕರ ಹೆಸರು ಆರ್‌ಸಿಯಲ್ಲಿ ಉಳಿದಷ್ಟು ದಿನ ಅಪಘಾತದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಡಿ ಭಾಗಕ್ಕೆ ಇನ್ನೊಂದು ತಾಪತ್ರಯ. ನಿಪ್ಪಾಣಿ, ಅಥಣಿ, ಚಡಚಣ ಕಡೆ ಎಂಎಚ್-09, ಎಂಎಚ್-10, ಎಂಎಚ್-13 ಅಂತ ಮಹಾರಾಷ್ಟ್ರದ ನಂಬರಿರುವ ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕರ್ನಾಟಕದ ತೆರಿಗೆ, ಹೊಸ ನಂಬರು ಸೇರಿಸಿದರೆ ಆ ಅಗ್ಗ ಕರಗುತ್ತದೆ. ಇದನ್ನು ಯಾರು ಕಟ್ಟಬೇಕು ಅನ್ನೋದನ್ನೂ ಮಾತಿನಲ್ಲೇ ಬಿಟ್ಟಿರುತ್ತಾರೆ.

ಶೋರೂಂ ಗಾಡಿಯ ಕಥೆ ಬೇರೆ

ಹೊಸ ಗಾಡಿಯಲ್ಲಿ ಗಿರಾಕಿಗೆ ಈ ತಲೆನೋವು ಕಡಿಮೆ. ವಾರಂಟಿಯೊಳಗೆ ಡೀಲರ್ ಭಾಗ ಬದಲಿಸಿ, ಕಂಪನಿಯಿಂದ ದುಡ್ಡು ವಸೂಲಿ ಮಾಡುತ್ತಾನೆ. ಗಿರಾಕಿ ಹೆಚ್ಚಿಗೆ ಏನೂ ಕೊಡದಿದ್ದರೆ ಅವನ ಮೇಲೆ ಜಿಎಸ್‌ಟಿ ಇಲ್ಲ ಅಂತ 2023ರ ಜುಲೈ 17ರ ಸುತ್ತೋಲೆ ಸ್ಪಷ್ಟಪಡಿಸಿದೆ. ಡೀಲರ್ ಕಂಪನಿಗೆ ಹಾಕುವ ಬಿಲ್ಲಿಗೆ ತೆರಿಗೆ ಇದೆ. ಡೀಲರ್ ತನ್ನ ಸ್ಟಾಕಿನಿಂದ ಭಾಗ ಕೊಟ್ಟು ಕಂಪನಿಯಿಂದ ಕ್ರೆಡಿಟ್ ನೋಟ್ ಪಡೆದರೆ ಅದೂ ಮಾರಾಟವೇ ಅಂತ ಅದೇ ವರ್ಷದ ಮೇ 15ರಂದು ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆ ಮಾರಾಟ ತೆರಿಗೆ ಕಾನೂನಿನಡಿ ತೀರ್ಪು ಕೊಟ್ಟಿತು. ಇದು ಅವರವರ ನಡುವಿನ ಲೆಕ್ಕ. ಗಿರಾಕಿಯ ಪಾಲಿಗೆ ಮುಖ್ಯವಾದದ್ದು, ಖರ್ಚು ಹೊರಲು ಹಿಂದೊಬ್ಬ ಇದ್ದಾನೆ ಅನ್ನೋದು. ಹಳೆ ಗಾಡಿ ಯಾರ್ಡಿನವನ ಹಿಂದೆ ಯಾರೂ ಇಲ್ಲ.

ಇನ್ನು ಮುಂದೆ

2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಬಿಡಿಭಾಗಗಳದ್ದೂ 28ರಿಂದ 18ಕ್ಕೆ. ಟ್ರ್ಯಾಕ್ಟರ್ 12ರಿಂದ 5ಕ್ಕೆ. ಹಳೆ ಗಾಡಿಯ ಮಾರ್ಜಿನ್ ಮೇಲಿನ 18 ಮಾತ್ರ ಕದಲಲಿಲ್ಲ.

ಇದರಿಂದ ರಿಪೇರಿ ಬಿಲ್ಲು ಸ್ವಲ್ಪ ಹಗುರಾಗಿದೆ, ನಿಜ. ಆದರೆ ಹೊಸ ಗಾಡಿ ಅಗ್ಗವಾದಾಗ ಹಳೆಯದರ ಬೆಲೆಯೂ ಇಳಿಯಲೇಬೇಕು. ಮಾರ್ಜಿನ್ ಸಣ್ಣದಾಗುತ್ತದೆ. ಒಂದು ಗಾಡಿಯಲ್ಲಿ ನಷ್ಟವಾದರೆ ಅದನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ತೆರಿಗೆ ನಿಯಮ ಬಿಡೋದಿಲ್ಲ, ಪ್ರತಿ ಗಾಡಿಯ ಲೆಕ್ಕ ಬೇರೆ ಬೇರೆ. ಹೀಗೆ ಕೈ ಕಟ್ಟಿದಾಗ ವ್ಯಾಪಾರಿ ಮೊದಲು ಕತ್ತರಿ ಹಾಕುವುದು ಮಾರೋ ಮೊದಲಿನ ರಿಪೇರಿಗೆ. ಆ ಖರ್ಚು ಮಾಯವಾಗೋದಿಲ್ಲ, ಒಂದೆರಡು ತಿಂಗಳು ತಡವಾಗಿ ಗಿರಾಕಿಯ ಮನೆ ಮುಂದೆ ಬಂದು ನಿಲ್ಲುತ್ತದೆ.

ದೊಡ್ಡವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಗಾಡಿಗೊಂದು ಬಿಲ್, ವಾರಂಟಿ ಪ್ಯಾಕೇಜಿಗೆ ಇನ್ನೊಂದು ಬಿಲ್. ಎರಡನೆಯದು ಸೇವೆ, ಅದರ ತೆರಿಗೆ ಬೇರೆ. ರಿಪೇರಿಯ ಹೊಣೆ ಗಾಡಿಯ ಬೆಲೆಯಿಂದ ಹೊರಗೆ ಬರುತ್ತದೆ, ಕೇಳೋಕೆ ಒಂದು ಕಾಗದವೂ ಇರುತ್ತದೆ. ಆ ಪ್ಯಾಕೇಜಿನಲ್ಲಿ ಎಂಜಿನ್, ಗೇರ್‌ಬಾಕ್ಸ್ ಅಂತ ದೊಡ್ಡಕ್ಷರದಲ್ಲಿ ಬರೆದು, ಕ್ಲಚ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರುಗಳನ್ನು ಸವೆಯುವ ಭಾಗ ಅಂತ ಹೊರಗಿಟ್ಟಿರುತ್ತಾರೆ. ಜಾಸ್ತಿ ಹಾಳಾಗೋದೇ ಅವು. ಸಣ್ಣ ಯಾರ್ಡುಗಳಿಗೆ ಅಷ್ಟು ಕಾಗದಪತ್ರ ಒಗ್ಗೋದಿಲ್ಲ. ಅವರು ಡೀಲರ್‌ಗಿರಿ ಬಿಟ್ಟು ಮತ್ತೆ ಕಮಿಷನ್ ಏಜೆಂಟರಾಗುವ ಸಾಧ್ಯತೆ ಹೆಚ್ಚು, ಅಂದರೆ ಮತ್ತೆ ಖಾಲಿ ಸಹಿಯ ಫಾರಂ 29, 30.

ಹಾಗಂತ ಹಳೆ ಗಾಡಿ ಕೊಳ್ಳುವವರ ಕೈ ಪೂರ್ತಿ ಬರಿದಲ್ಲ. ಡೆಲಿವರಿ ನೋಟಿಗೆ ಸಹಿ ಹಾಕುವ ಮೊದಲು ಅದೇ ಹಾಳೆಯ ಕೆಳಗೆ ಎರಡು ಸಾಲು ಪೆನ್ನಿನಲ್ಲಿ ಬರೆಸಬಹುದು. ‘ಬಾಕಿ ಕೆಲಸ: ಎರಡನೇ ಕೀಲಿ, ಎಸಿ ಗ್ಯಾಸ್. 30 ದಿನದೊಳಗೆ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ದೋಷ ಬಂದರೆ ಖರ್ಚು ಮಾರಿದವರದು.’ ‘ನಾ ಅದೀನಲ್ರಿ’ ಅಂದವರು ಅದರ ಕೆಳಗೆ ಸಹಿ ಹಾಕೋಕೆ ಎಷ್ಟು ಹೊತ್ತು ತಗೊಳ್ಳುತ್ತಾರೆ ನೋಡಿ, ಗಾಡಿಯ ಕಂಡೀಷನ್ ಬಗ್ಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.